ಸುಮ್ಮನೆ ಒಂದು ಬೆಳಗ್ಗೆ

ಹಳೆಯ ಕಲ್ಲುಗಳನ್ನು ಕಾಪಾಡುವ ಕಚೇರಿಯ ಹಿಂದಿನ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಅಚ್ಚಕ್ಕ ಎಂದೇ ಕರೆಯುತ್ತಿದ್ದರು. ಬರಹವಿರುವ ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು ಬಡಿದು ಅಕ್ಷರದ ಕುಳಿಯೊಳಗೆ ಕೂರಿಸಿ, ಮೇಲೆ ಮಸಿಯುಂಡೆ ಒತ್ತಿ ಅಚ್ಚು ತೆಗೆಯುವುದು ಅವಳ ಕೆಲಸ. ಬಡಿಯುವಾಗ ಗುನುಗುವ ಅಭ್ಯಾಸ ಬೇರೆ. ಯಾವ ರಾಗ ಎಂದು ಯಾರಾದರೂ ಕೇಳಿದರೆ ಬ್ರಷ್ಷಿನದು ಎನ್ನುತ್ತಿದ್ದಳು.

ಆ ಕಸುಬಿನಲ್ಲಿ ಮಹಾಪಾಪ ಎನ್ನುವುದು ಒಂದೇ. ಕಲ್ಲು ಸವೆದು ಅಕ್ಷರ ಮಾಯವಾದ ಕಡೆ, ಇದೇ ಇದ್ದೀತು ಎಂದು ಊಹಿಸಿ ಮಸಿಯಲ್ಲಿ ತಿದ್ದಿಬಿಡುವುದು. ಹಾಗೆ ತಿದ್ದಿದ ಅಚ್ಚು ನೋಡಲು ಬಲು ಚಂದ. ಆದರೆ ಮುಂದೆ ಓದುವವರೆಲ್ಲ ಆ ಸುಳ್ಳನ್ನೇ ಕಲ್ಲಿನ ಮಾತೆಂದು ನಂಬುತ್ತಾರೆ. ಅಚ್ಚಕ್ಕ ಈ ವಿಷಯದಲ್ಲಿ ಹಟಮಾರಿ. ಹೋದದ್ದು ಹೋಯಿತು, ಖಾಲಿ ಬಿಡಿ ಎನ್ನುವವಳು.

ಆ ವರ್ಷ ಬಂದದ್ದು ಆಳೆತ್ತರದ ಕಲ್ಲು. ಯಾವನೋ ರಾಜ ತನ್ನ ಬದುಕನ್ನು ತಾನೇ ಹೇಳಿಕೊಂಡು ಕೆತ್ತಿಸಿದ್ದು. ಅವಳು ತೆಗೆದ ಅಚ್ಚನ್ನು ಕಚೇರಿಯ ಓದುಗಾರರು ಓದಿ ಹೇಳಿದರು: ನಾನು ಹುಟ್ಟಿದೆ, ನಾನು ಗೆದ್ದೆ, ನಾನು ಕಟ್ಟಿಸಿದೆ, ನಾನು ಕ್ಷಮಿಸಿದೆ. ಅಚ್ಚಕ್ಕನಿಗೆ ನಗು ತಡೆಯಲಾಗಲಿಲ್ಲ. ಇಷ್ಟುದ್ದದ ಬದುಕಿನಲ್ಲಿ ಈ ಮಹಾರಾಯನಿಗೆ ಒಂದು ಸಲವೂ ನೆಗಡಿಯಾಗಲಿಲ್ಲವೇ, ಹಾಸಿಗೆ ಹಾಸಿಕೊಟ್ಟವರು ಯಾರೂ ಇರಲಿಲ್ಲವೇ ಎಂದು ಕೇಳಿದಳು. ದಿನಾ ಇದ್ದದ್ದನ್ನು ಯಾರು ಬರೆಸುತ್ತಾರೆ ಎಂದು ಓದುಗಾರರೂ ನಕ್ಕರು.

ಆ ನಗು ಮನೆಯಲ್ಲಿ ಇಳಿದುಹೋಯಿತು. ಹೆರಿಗೆಗೆಂದು ಬಂದಿದ್ದ ಮಗಳು ತುಂಬು ಬಸುರಿ. ಅಂಬೆಗಾಲಿಡುವಾಗಲೇ ಅಪ್ಪನನ್ನು ಕಳೆದುಕೊಂಡವಳು. ಬಟ್ಟೆ ಮಡಿಸುತ್ತ ಕೂತಿದ್ದವಳು, ಅಪ್ಪ ಹೇಗಿದ್ದರು ಎಂದು ಕೇಳಿದಳು. ಅಚ್ಚಕ್ಕ ಹೇಳಿದಳು: ಬಸ್ ಡಿಪೋದಲ್ಲಿ ಕೆಲಸ, ಮದುವೆ, ಬಡ್ತಿ, ಜ್ವರ, ಆಸ್ಪತ್ರೆ.

"ಅದೆಲ್ಲ ಗೊತ್ತಮ್ಮಾ. ಸುಮ್ನೆ ಒಂದು ಬೆಳಗ್ಗೆ ಹೇಳು. ಎದ್ದು ಏನ್ಮಾಡ್ತಿದ್ರು? ನಾಳೆ ನನ್ನ ಮಗು ಕೇಳಿದ್ರೆ ನಾನೇನು ಹೇಳ್ಲಿ?"

ಅಚ್ಚಕ್ಕ ಬಾಯಿ ತೆರೆದಳು. ಒಳಗೆ ಏನೂ ಇರಲಿಲ್ಲ. ಅಷ್ಟು ವರ್ಷ ಒಂದೇ ಕೋಣೆಯಲ್ಲಿ ಉಸಿರಾಡಿದ ಮನುಷ್ಯ, ಒಂದು ಬೆಳಗ್ಗೆಯನ್ನೂ ಬಿಟ್ಟುಹೋಗಿರಲಿಲ್ಲ. ಆಮೇಲೆ ಹೇಳುತ್ತೇನೆ ಎಂದು ಜಾರಿಕೊಂಡಳು.

ಆಮೇಲಿನ ದಿನಗಳಲ್ಲಿ ಅವಳಿಗೆ ಮನೆಯೇ ಹೆದರಿಕೆಯಾಗತೊಡಗಿತು. ಪಾತ್ರೆ ತೊಳೆಯುವಾಗ ಬೆನ್ನ ಹಿಂದೆ ಯಾರೋ ನಿಂತ ಹಾಗೆ. ತಿರುಗಿದರೆ ಯಾರೂ ಇಲ್ಲ. ಬಂದು ನಿಂತವನಿಗೆ ಮುಖವೇ ಇಲ್ಲ, ಮುಖ ಕೊಡು ಎಂದು ಅವಳನ್ನೇ ಕಾಯುತ್ತಿದ್ದಾನೆ ಎನ್ನಿಸುತ್ತಿತ್ತು. ಮಗಳು ದಿನಾ ಕೇಳುವುದನ್ನು ಬಿಡಲಿಲ್ಲ. ಹೆರಿಗೆಯ ದಿನ ಹತ್ತಿರ ಬಂದಾಗ, ಅವಳ ಕಣ್ಣಿನ ಆಸೆಯನ್ನು ನೋಡಲಾರದೆ ಅಚ್ಚಕ್ಕ ಮಹಾಪಾಪ ಮಾಡಿದಳು.

"ಗಡ್ಡ ಕೆರ್ಕೊಳ್ವಾಗ ನಿಮ್ಮಪ್ಪ ಗುನುಗ್ತಿದ್ರು ಕಣೇ" ಎಂದಳು. ಹೇಗೆ ಎಂದು ಮಗಳು ಕೇಳಿದಾಗ ತನ್ನ ಬ್ರಷ್ಷಿನ ರಾಗವನ್ನೇ ಗುನುಗಿ ತೋರಿಸಿದಳು. ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಸಂತೋಷಕ್ಕೆ.

ಮಗು ಹುಟ್ಟಿತು. ಆ ರಾಗ ಕೇಳದೆ ನಿದ್ದೆ ಮಾಡುವುದಿಲ್ಲ ಎಂದು ಪಟ್ಟು ಹಿಡಿಯಿತು. ಮಗಳು ಹೊತ್ತುಗೊತ್ತಿಲ್ಲದೆ ಗುನುಗುತ್ತಿದ್ದಳು. ಒಂದು ಬೆಳಗ್ಗೆ ಅಚ್ಚಕ್ಕನಿಗೆ, ಗಂಡಸರೇ ಇಲ್ಲದ ಆ ಮನೆಯ ಬಚ್ಚಲಿನಿಂದ ಅದೇ ರಾಗ ಗಂಡುದನಿಯಲ್ಲಿ ಕೇಳಿಸಿತು. ಒಂದು ಗಳಿಗೆ ಎದೆ ತುಂಬಿ ಬಂತು. ಮರುಗಳಿಗೆಗೆ ತಿಳಿಯಿತು: ಅದು ಗಂಡನ ದನಿಯಲ್ಲ. ತಾನೇ ಯಾವನೋ ಪರಪುರುಷನನ್ನು ಮನೆಯೊಳಗೆ ಕರೆದುಕೊಂಡಿದ್ದೇನೆ, ಇನ್ನು ಅವನು ಹೋಗುವುದಿಲ್ಲ ಎಂದು ಅವಳಿಗೆ ಖಚಿತವಾಯಿತು. ಬಾಗಿಲು ತಳ್ಳಿ ನೋಡುವ ಧೈರ್ಯವಾಗಲಿಲ್ಲ.

ಅದಾದ ಕೆಲವೇ ದಿನಕ್ಕೆ ಓದುಗಾರರಿಗೆ ರಾಜನ ಕಲ್ಲಿನ ಕೆಳಸಾಲುಗಳನ್ನು ಮತ್ತೊಮ್ಮೆ ನೋಡಬೇಕಿತ್ತು. ಶೆಡ್ಡಿನಲ್ಲಿ ಬೆಳಕು ಸಾಲದು. ಬಾಗಿಲ ಬಿಸಿಲನ್ನು ಓರೆಯಾಗಿ ಕಲ್ಲಿನ ಮೇಲೆ ಬಿಡಲು ಅಚ್ಚಕ್ಕ ಕನ್ನಡಿ ಹಿಡಿದು ನಿಂತಳು. ಸ್ವಲ್ಪ ಮೇಲಕ್ಕೆ ಎಂದರು ಓದುಗಾರರು. ಅವಳು ಎತ್ತಿದಳು.

ಆಗ ತೋಳಿಗೆ ನೆನಪಾಯಿತು. ಗಂಡನ ಜೊತೆಗಿದ್ದ ಬಾಡಿಗೆ ಕೋಣೆಯಲ್ಲಿ ಮೊಳೆ ಹೊಡೆಯಲು ಮಾಲೀಕ ಬಿಡುತ್ತಿರಲಿಲ್ಲ. ದಿನಾ ಬೆಳಗ್ಗೆ ಅವರು ಗಡ್ಡ ಕೆರೆದುಕೊಳ್ಳುವಾಗ ಮುಂದೆ ಕನ್ನಡಿ ಹಿಡಿದು ನಿಲ್ಲುತ್ತಿದ್ದವಳು ಅವಳೇ. ಅವಳಿಗೆ ಕಾಣುತ್ತಿದ್ದದ್ದು ಕನ್ನಡಿಯ ಬೆನ್ನು, ಸಿಪ್ಪೆಯೇಳುತ್ತಿದ್ದ ಕೆಂಪು ಬಣ್ಣ, ಆಚೀಚೆ ಎರಡು ಕಿವಿ. ಆ ಹೊತ್ತಿನ ಮುಖವನ್ನು ಅವಳು ನೋಡಿಯೇ ಇರಲಿಲ್ಲ. ಅವರು ಗುನುಗುತ್ತಲೂ ಇರಲಿಲ್ಲ, ಮಾತಾಡಿದರೆ ಬ್ಲೇಡು ತಾಗುತ್ತದೆಂಬ ಹೆದರಿಕೆ. ಬಾಯಿ ಅಲುಗಿಸದೆ ಒಂದೇ ಮಾತು: "ಸ್ವಲ್ಪ ಮೇಲೆ ಹಿಡಿಯೇ, ಗಲ್ಲ ಕಾಣ್ತಿಲ್ಲ."

ಅದು ಅವರದೇ ದನಿ. ಅಷ್ಟು ವರ್ಷದ ಮೇಲೆ ಸಿಕ್ಕಿತ್ತು. ಅಚ್ಚಕ್ಕ ಕೆಲಸ ಅರ್ಧಕ್ಕೇ ಬಿಟ್ಟು ಮನೆಗೆ ಓಡಿದಳು. ಹೇಳಬೇಕು, ಇವತ್ತೇ, ಈಗಲೇ ಹೇಳಬೇಕು.

ಮಗಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಗುನುಗುತ್ತಿದ್ದಳು. ಮಗುವಿನ ಕಣ್ಣು ಆಗತಾನೇ ಮುಚ್ಚುತ್ತಿತ್ತು. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ ತಾಯಿಯನ್ನು ನೋಡಿ, ಏನಮ್ಮಾ ಎಂದು ಪಿಸುಗುಟ್ಟಿದಳು. ಹೇಳಿದರೆ ಅವಳಿಗೆ ಅಪ್ಪ ಎರಡನೇ ಸಲ ಸಾಯುತ್ತಾನೆ. ಹೇಳದಿದ್ದರೆ ತನ್ನ ಗಂಡ ಈ ಹೊಸ್ತಿಲ ಆಚೆಯೇ ನಿಂತಿರುತ್ತಾನೆ, ತನ್ನ ಜೊತೆಗೇ ಮುಗಿದುಹೋಗುತ್ತಾನೆ.

"ಏನಿಲ್ಲ. ನಿಲ್ಲಿಸ್ಬೇಡ" ಎಂದಳು ಅಚ್ಚಕ್ಕ. "ಮಗು ಎದ್ದೀತು."