ಕೊಲ್ಹಾರದ ಹಾಡಕಿಯ ಎರಡನೆಯ ದನಿ

ಮುದ್ದೇಬಿಹಾಳದ ಬಜಾರಿನಲ್ಲಿ ಮೈಕ್ ಸೆಟ್ ಮುತ್ತುವಿನ ಅಂಗಡಿ ಎಲ್ಲಿ ಎಂದು ಕೇಳಿದರೆ ಜನ ಅರೆಗಳಿಗೆ ಯೋಚಿಸುತ್ತಾರೆ. ಅವನ ಹೆಂಡತಿಯ ಹೆಸರು ಹೇಳಿದರೆ ಮಾತ್ರ ಕೈ ತಾನಾಗಿ ಮೇಲೇಳುತ್ತದೆ: “ರಾಜಶ್ರೀ ರೆಕಾರ್ಡಿಂಗ್ ಏನ್ರಿ? ಅಲ್ಲೇ, ಆ ಮಾಳಿಗಿ ಮ್ಯಾಲ.”

ರಾಜಶ್ರೀ ಬಸವನ ಬಾಗೇವಾಡಿಯ ಹುಡುಗಿ. ಮದುವೆಯಾಗಿ ಬಂದ ಹೊಸದರಲ್ಲಿ ಸಿಂದಗಿಯ ಒಂದು ಮದುವೆ ಮನೆಯಲ್ಲಿ, ಮೈಕಿನ ದನಿ ಏರಿಳಿಸುವ ಮಿಕ್ಸರ್ ನಡೆಸುವವನು ಜ್ವರ ಬಂದು ಮಲಗಿಬಿಟ್ಟ. ಮುತ್ತು ಕೈಕೈ ಹಿಸುಕಿಕೊಳ್ಳುತ್ತಿದ್ದಾಗ ಈಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಕುರ್ಚಿಯಲ್ಲಿ ಕೂತಳು. ಅಂದು ನಕ್ಕವರೇ ಮುಂದಿನ ಮದುವೆಗೆ “ಆ ವೈನಿಯವ್ರನ್ನ ಕರ್ಕೊಂಡ ಬಾ” ಎಂದು ಮುತ್ತುವಿಗೆ ಹೇಳತೊಡಗಿದರು. ಆಮೇಲೆ ಹೊರಗಿನ ಸದ್ದು ಬಾರದಂತೆ ಮಾಳಿಗೆಯ ಖೋಲಿಯ ಗೋಡೆಗೆ ಹಳೆಯ ಕೌದಿಗಳನ್ನು ಹೊಡೆದು, ಬಾಗಿಲಿಗೆ ಗೋಣಿತಟ್ಟು ಕಟ್ಟಿ, ಅಲ್ಲಿಯೇ ಹಾಡು ರೆಕಾರ್ಡ್ ಮಾಡಲು ಶುರುಮಾಡಿದಳು. ಇವತ್ತು ಇಂಡಿಯಿಂದ, ಸಿಂದಗಿಯಿಂದ ಡೊಳ್ಳಿನ ಹಾಡಿನವರು, ಗೀಗೀ ಮೇಳದವರು ಆ ಮೆಟ್ಟಿಲು ಹತ್ತಿ ಬರುತ್ತಾರೆ. ಬಂದವರಿಗೆ ಅವಳ ಬಾಯಿಯ ಭಯವೂ ಉಂಟು. ಎಂಥ ಹೆಸರಾದ ಹಾಡುಗಾರನನ್ನೂ ಅರ್ಧಕ್ಕೆ ನಿಲ್ಲಿಸಿ, “ಶ್ರುತಿ ಬಿಟ್ಟೀರಿ, ಮತ್ತ ಹಾಡ್ರಿ” ಎನ್ನುವವಳು ಅವಳು.

ಕೊಲ್ಹಾರದ ಜೈನುದ್ದೀನ ಆ ಮೆಟ್ಟಿಲು ಹತ್ತಿದ್ದು ಕಳೆದ ಬೇಸಿಗೆಯಲ್ಲಿ. ಬಳೆ ಅಂಗಡಿಯ ಮುದುಕ. ಕಂಕುಳಲ್ಲಿ ತುಕ್ಕು ಹಿಡಿದ ತಗಡಿನ ಡಬ್ಬಿ. ಪ್ರಾಯದಲ್ಲಿ ಅವನಿಗೆ ಹಾಡಕಿಯ, ಅಂದರೆ ಎರಡು ಮೇಳಗಳ ಹಾಡಿನ ಪಂದ್ಯದ, ಹುಚ್ಚು. ಅಣ್ಣ ಕುವೈತಿನಿಂದ ತಂದುಕೊಟ್ಟ ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲಿ ಹಾಡಕಿ ನಡೆದರೂ ಜನರ ನಡುವೆ ಕೂತು ತುಂಬಿಕೊಳ್ಳುತ್ತಿದ್ದ. ಹಳೆಯ ಕೊಲ್ಹಾರ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ ಊರು ಮೇಲಕ್ಕೆ ಬಂದಾಗ ಸಾಮಾನಿನ ಗದ್ದಲದಲ್ಲಿ ಕ್ಯಾಸೆಟ್ಟುಗಳು ಕಳೆದುಹೋದವೆಂದೇ ಅಂದುಕೊಂಡಿದ್ದ. ಈಗ ಮನೆಯ ತಗಡು ಬದಲಿಸುವಾಗ ಅಟ್ಟದ ಮೂಲೆಯಲ್ಲಿ ಈ ಡಬ್ಬಿ ಸಿಕ್ಕಿತ್ತು.

“ಉಳದದ್ದೆಲ್ಲಾ ಬೂಸ್ಟು ಹಿಡದ ಮಣ್ಣಾಗೇತವ್ವ. ಇದೊಂದು ನೋಡು. ತಿಪ್ಪವ್ವನ ಮೇಳದ್ದು,” ಎಂದ.

ರಾಜಶ್ರೀ ಕುರ್ಚಿಯಿಂದ ಎದ್ದೇ ನಿಂತಳು. “ಸೊಸೈಟಿ ಕಟ್ಟಡದ ಹಾಡಕಿದ್ದೇನ್ರಿ ಕಾಕಾ?”

“ಅದ, ಅದ. ಹಳೇ ಕೊಲ್ಹಾರದ್ದು.”

ಆ ಹಾಡಕಿಯ ಸುದ್ದಿ ಕೇಳದವರು ಈ ಭಾಗದಲ್ಲಿ ಕಡಿಮೆ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡಬೇಕು. ಪ್ರಶ್ನೆಯೂ ಹಾಡಿನಲ್ಲೇ, ಉತ್ತರವೂ ಹಾಡಿನಲ್ಲೇ. ಉತ್ತರ ಹೊಳೆಯದೆ ಬಾಯಿ ಕಟ್ಟಿದವರು ಸೋತಂತೆ. ಎಂಬತ್ತರ ದಶಕದ ಒಂದು ಮಧ್ಯಾಹ್ನ, ಸೊಸೈಟಿಯ ಹೊಸ ಕಟ್ಟಡದ ಮುಂದೆ, ಯಾರೂ ಸೋಲಿಸಲಾಗದ ಹರದೇಶಿ ಮೇಳವೊಂದನ್ನು ನಾಲತವಾಡದ ತಿಪ್ಪವ್ವ ಸೋಲಿಸಿದ್ದಳು. ಆ ಗೆಲುವಿನ ಹಾಡನ್ನು ಮುದುಕರು ಇವತ್ತಿಗೂ ತುಣುಕು ತುಣುಕಾಗಿ ಗುನುಗುತ್ತಾರೆ. ಪೂರ್ತಿ ಬಲ್ಲವರು ಯಾರೂ ಇರಲಿಲ್ಲ.

ರಾಜಶ್ರೀ ಅವಸರ ಮಾಡಲಿಲ್ಲ. ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ, ಒಳಗಿನ ಸುರುಳಿಯನ್ನು ಎಳೆಗೂಸನ್ನು ಎತ್ತಿಕೊಂಡ ಹಾಗೆ ಎತ್ತಿ ಹೊಸ ಕ್ಯಾಸೆಟ್ಟಿನ ಚಿಪ್ಪಿಗೆ ಕೂರಿಸಿದಳು. ಬಿಳಿ ಬೂಸ್ಟನ್ನು ಮೆತ್ತನೆಯ ಬಟ್ಟೆಯಿಂದ ಒಂದೊಂದೇ ಗೇಣು ಒರೆಸಿದಳು. ಎರಡು ಕಡೆ ಹರಿದಿದ್ದನ್ನು ಅಂಟಿಸಿದಳು. ಟೇಪು ಉಜ್ಜಿಕೊಂಡು ಹೋಗುವ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದಾಗ, ನೀರಿನೊಳಗಿಂದ ಕೇಳುವಂತಿದ್ದ ತಾಳ ಒಮ್ಮೆಲೇ ಝಣ್ ಎಂದು ಮೇಲೆ ಬಂತು. ಅದರ ಹಿಂದೆಯೇ ದಪ್ಪಿನ ಬಡಿತ, ತುಂತುಣಿಯ ತಂತಿ. ಜನರ ಕೆಮ್ಮು, ಕೂಸಿನ ಅಳು, “ಶೇಂಗಾ, ಹುರದ ಶೇಂಗಾ” ಎಂಬ ಕೂಗು. ಅವೆಲ್ಲವುಗಳ ಮೇಲೆ, ರೆಕಾರ್ಡರಿಗೆ ತೀರ ಹತ್ತಿರದಿಂದ, ಹರೆಯದ ಜೈನುದ್ದೀನನ ದನಿ: “ಭಲೇ ತಂಗಿ, ಭಲೇ!”

ಕ್ಯಾಸೆಟ್ಟಿನ ಮೊದಲ ಬದಿಯ ಕೊನೆಯಲ್ಲಿ ಹರದೇಶಿಯವನು ಸವಾಲು ಎಸೆಯುತ್ತಿದ್ದ. ಮೋಡ ಮೇಲಿದೆ, ಅದು ಗಂಡು. ನೆಲ ಕೆಳಗಿದೆ, ಅದು ಹೆಣ್ಣು. ಮೇಲಿದ್ದದ್ದು ದೊಡ್ಡದೋ ಕೆಳಗಿದ್ದದ್ದು ದೊಡ್ಡದೋ? ತಿಪ್ಪವ್ವ ಉತ್ತರಕ್ಕೆ ಬಾಯಿ ತೆರೆದಳು. ದನಿ ಒಡೆಯಿತು. ಅಷ್ಟರಲ್ಲಿ ಟೇಪು ಮುಗಿದಿತ್ತು. ಜೈನುದ್ದೀನ ಕ್ಯಾಸೆಟ್ಟನ್ನು ತಿರುವಿ ಹಾಕುವಷ್ಟರಲ್ಲಿ ಹಾಡು ಮುಂದೆ ಹೋಗಿತ್ತು. ಎರಡನೆಯ ಬದಿ ನಡುವಿನಿಂದಲೇ ಶುರುವಾಗುತ್ತಿತ್ತು:

“ಕೆಳಗಿನ ಹೊಳಿಯ ನೀರ ಕುಡಿದು ಮ್ಯಾಲಕ ಏರಿದ್ಯೋ,
ಏರಿದ ಮ್ಯಾಲ ತಾಯಿನ ಮರೆತು ಗುಡುಗಾಕ ಕಲತ್ಯೋ!”

ಜನ ಹೋ ಎಂದದ್ದಕ್ಕೆ ಯಂತ್ರದಲ್ಲಿ ದನಿಯ ಮಟ್ಟ ತೋರಿಸುವ ಮುಳ್ಳು ಕೊನೆಗೆ ಹೋಗಿ ಬಡಿಯಿತು. ರಾಜಶ್ರೀಯ ಮೈ ಜುಮ್ಮೆಂದಿತು. ಆದರೆ ಕಿವಿಗೆ ಏನೋ ಚುಚ್ಚಿತು. ದನಿ ಮೊದಲಿಗಿಂತ ತೆಳ್ಳಗೆ, ಎತ್ತರಕ್ಕೆ, ಚೂರಿಯ ಮೊನೆಯಂತಿತ್ತು. ಹಾಡು ತುಂಬಿಕೊಳ್ಳುವಾಗ ಸೆಲ್ ಇಳಿದರೆ ರೆಕಾರ್ಡರ್ ನಿಧಾನವಾಗಿ ಓಡುತ್ತದೆ. ಆಮೇಲೆ ಸರಿಯಾದ ವೇಗದಲ್ಲಿ ಕೇಳಿದರೆ ದನಿ ಏರುತ್ತದೆ. ಅದೇ ಆಗಿದೆ ಎಂದು ತೀರ್ಮಾನಿಸಿದಳು. ಕಂಪ್ಯೂಟರಿನಲ್ಲಿ ಎರಡನೆಯ ಬದಿಯ ವೇಗವನ್ನು ಇಳಿಸುತ್ತ ಇಳಿಸುತ್ತ ಕೊನೆಗೆ ಅದನ್ನು ತಿಪ್ಪವ್ವನ ದನಿಗೆ ತಂದು ಕೂಡಿಸಿ, ಜೈನುದ್ದೀನನಿಗೆ ಫೋನು ಮಾಡಿ ಕರೆಸಿದಳು.

ಮುದುಕ ಕಣ್ಣು ಮುಚ್ಚಿ ಕೇಳಿದ. ಎರಡನೆಯ ಬದಿಯ “ಭಲೇ” ಬಂದಾಗ ಕಣ್ಣು ಬಿಟ್ಟ.

“ಇದ್ಯಾವ ಕೋಣ ಒದರತೈತಿ?”

“ನೀವರಿ ಕಾಕಾ.”

“ನಾನ? ಏ, ನನ್ನ ದನಿ ಹಿಂಗ ಯಾವಾಗಿತ್ತು ತಂಗಿ? ಬಳಿ ಮಾರಾಕ ಕೂಗಿದ್ರ ಮೂರು ಓಣಿಗೆ ಕೇಳ್ತಿತ್ತು!”

ರಾಜಶ್ರೀಗೆ ಯಾರೋ ತಲೆಯ ಮೇಲೆ ಮೊಟಕಿದಂತಾಯಿತು. ಮೊದಲ ಬದಿಯ “ಭಲೇ” ಹಾಕಿ ಕೇಳಿದಳು. ಎರಡನೆಯದನ್ನು ತಾನು ಮುಟ್ಟುವ ಮೊದಲು ಇದ್ದ ಹಾಗೆ ಹಾಕಿ ಕೇಳಿದಳು. ಎರಡೂ ಒಂದೇ ದನಿ, ಒಂದೇ ಎತ್ತರ. ಅಂದರೆ ಸೆಲ್ ಇಳಿದಿರಲಿಲ್ಲ. ಟೇಪು ನಿಜವನ್ನೇ ಹೇಳುತ್ತಿತ್ತು. ಸುಳ್ಳಾಗಿದ್ದು ತಾನು ಮಾಡಿದ ರಿಪೇರಿ.

“ಕಾಕಾ, ಆವತ್ತ ಕಡೀಕ ಹಾಡಿದಾಕಿ ತಿಪ್ಪವ್ವ ಅಲ್ಲ.”

“ಹುಚ್ಚಿ ಇದ್ದೀಯೇನು? ನಾನ ಕಣ್ಣಾರೆ... ” ಎಂದವನು ತಡೆದ. “ಖರೇ ಹೇಳಬೇಕಂದ್ರ ನಾ ಕ್ಯಾಸೆಟ್ ತಿರುವಿ ಹಾಕ್ಲಿಕ್ಕೆ ತಲಿ ತಗ್ಗಿಸಿದ್ನೆವ್ವ. ಎತ್ತೂದ್ರಾಗ ಮಂದಿ ಎಲ್ಲಾ ಎದ್ದ ನಿಂತಿದ್ರು. ಸ್ಟೇಜ್ ಕಾಣಲಿಲ್ಲ.”

ಮರುದಿನವೇ ರಾಜಶ್ರೀ ನಾಲತವಾಡಕ್ಕೆ ಹೋದಳು. ತಿಪ್ಪವ್ವ ಕಟ್ಟೆಯ ಮೇಲೆ ಕೂತು ತೊಗರಿ ಕೇರುತ್ತಿದ್ದಳು. ಎತ್ತರದ ಆಳು, ವಯಸ್ಸಾದರೂ ಬೆನ್ನು ನೆಟ್ಟಗೆ. ರಾಜಶ್ರೀ ಫೋನಿನಲ್ಲಿ ಹಾಡು ಹಚ್ಚಿದಳು. ಮೊದಲ ಸಾಲಿಗೇ ಮೊರ ನಿಂತಿತು.

“ಸಿದ್ದಲಿಂಗವ್ವ,” ಎಂದಳು ತಿಪ್ಪವ್ವ. “ನನ್ನ ಹಿಮ್ಮೇಳದಾಕಿ. ಕುರಿ ಕಾಯೋರ ಮನಿ ಹುಡುಗಿ. ಎಲ್ಲಿ ಸಿಕ್ತವ್ವ ನಿನಗ ಇದು?”

“ಮತ್ತ ಊರೆಲ್ಲಾ ನೀವ ಗೆದ್ರಿ ಅಂತೈತಲ್ಲಬೇ?”

“ನಾ ಅಂದೇನೇನು? ಆವತ್ತಿಂದ ಹೇಳ್ಕೊಂತ ಬಂದೇನಿ, ಗೆದ್ದಾಕಿ ನಾನಲ್ಲ, ಆಕಿ ಅಂತ. ಮಂದಿ ಏನಂತಾರ ಗೊತ್ತೇನು? ‘ತಿಪ್ಪವ್ವ ಭಾಳ ದೊಡ್ಡ ಮನಸಿನಾಕಿ, ತನ್ನ ಹೆಸರು ಹೇಳ್ಕೊಳ್ಳಂಗಿಲ್ಲ’ ಅಂತಾರ! ಖರೇ ಹೇಳಿದ್ರ ಅದಕ್ಕೂ ನನ್ನನ್ನ ಹೊಗಳೋದು. ನಾ ಏನ್ ಮಾಡ್ಲಿ?”

ಮೇಳ ತಿಪ್ಪವ್ವನ ಹೆಸರಿನದು. ಪೋಸ್ಟರಿನಲ್ಲಿ ಅವಳ ಹೆಸರು. ಹಿಂದೆ ಕೂತವರಿಗೆ ಕಾಣುತ್ತಿದ್ದದ್ದು ತಲೆಯ ಮೇಲೆ ಸೆರಗು ಹೊದ್ದ ಹೆಂಗಸರ ಸಾಲು ಮಾತ್ರ. ಹಾರ್ನಿನಿಂದ ಬಂದ ದನಿ ಮೇಳದ ಒಡತಿಯದೇ ಎಂದು ಜನ ತಿಳಿದರು. ಆ ವರ್ಷವೇ ಸಿದ್ದಲಿಂಗವ್ವನನ್ನು ಲಚ್ಯಾಣಕ್ಕೆ ಕೊಟ್ಟರು. ಗಂಡನ ಮನೆಯವರು ಹಾಡಲು ಕಳಿಸಲಿಲ್ಲ.

“ನಾ ಆವತ್ತ ಮೈಕಿನ್ಯಾಗ ಆಕಿ ಹೆಸರ ಹೇಳಿದ್ದೆ,” ಎಂದಳು ತಿಪ್ಪವ್ವ. “ಸೀಟಿ ಹೊಡ್ಯೋದ್ರಾಗ ಯಾರಿಗೂ ಕೇಳಲಿಲ್ಲ.” ಮೊರವನ್ನು ಪಕ್ಕಕ್ಕಿಟ್ಟು, “ಸ್ಟೇಜಿನ ಬಾಜೂಕ ಇಂಡಿ ಬಸಂತರಾಯರು ಕುಂತಿದ್ರು ನೋಡು. ಅವರ ಹಂತ್ಯಾಕೂ ಒಂದು ರೆಕಾರ್ಡರ್ ಇತ್ತು,” ಎಂದಳು.

ಇಂಡಿಯಲ್ಲಿ ಬಸಂತರಾಯರದು ನಿಂಬೆಯ ತೋಟ. ಅವರು ಕಪಾಟು ತೆಗೆದು, ಭಜನೆಯ ಕ್ಯಾಸೆಟ್ಟುಗಳ ನಡುವಿನಿಂದ ಒಂದನ್ನು ಎಳೆದು ಕೊಟ್ಟರು. “ಇದರಾಗ ಏನೂ ಕೇಳಂಗಿಲ್ಲವ್ವ. ಜನರೇಟರ್ ಬಾಜೂಕ ಕುಂತ ನಾನ ಕೆಡಿಸೇನಿ,” ಎಂದು ನಕ್ಕರು.

ಅವರು ಹೇಳಿದ್ದು ಸುಳ್ಳಲ್ಲ. ಟೇಪಿನ ತುಂಬ ಜನರೇಟರಿನ ಗುಂಯ್. ಆದರೆ ಅವರು ಹಾಕಿದ್ದು ಉದ್ದದ ಕ್ಯಾಸೆಟ್. ಜೈನುದ್ದೀನ ತನ್ನದನ್ನು ತಿರುವಿ ಹಾಕುವ ಹೊತ್ತಿಗೆ ಅದು ಇನ್ನೂ ಓಡುತ್ತಲೇ ಇತ್ತು. ರಾಜಶ್ರೀ ವಾರಗಟ್ಟಲೆ ಅದರ ಬೆನ್ನು ಬಿದ್ದಳು. ಗುಂಯ್ ಎಂಬುದನ್ನು ಪದರ ಪದರವಾಗಿ ತೆಗೆದಳು. ಹೆಚ್ಚು ತೆಗೆದರೆ ಹಾಡಿನ ಜೀವ ಹೋಗುತ್ತಿತ್ತು, ಕಡಿಮೆ ತೆಗೆದರೆ ಮಾತು ತಿಳಿಯುತ್ತಿರಲಿಲ್ಲ. ಮುತ್ತು ಊಟಕ್ಕೆ ಕರೆದು ಕರೆದು ಸಾಕಾಗಿ ತಟ್ಟೆಯನ್ನೇ ಮೇಲೆ ತಂದಿಟ್ಟು ಹೋಗುತ್ತಿದ್ದ. ಒಂದು ಬೆಳಿಗ್ಗೆ ಆ ಗದ್ದಲದ ತಳದಿಂದ, ಸೀಟಿಗಳ ನಡುವಿನಿಂದ, ಒಡೆದ ಗಂಟಲಿನ ತಿಪ್ಪವ್ವ ಸ್ಪಷ್ಟವಾಗಿ ಮಾತಾಡಿದಳು:

“ಗಂಟಲು ನಂದ ಕಟ್ಟೇತಿ, ಮೇಳದ್ದಲ್ಲ! ನಮ್ಮ ಸಿದ್ದಲಿಂಗವ್ವ ಹಾಡ್ತಾಳ, ಕೇಳ್ರಿ!”

ರಾಜಶ್ರೀ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು, ಮೆಟ್ಟಿಲಿನ ಮೇಲಿಂದಲೇ ಗಂಡನನ್ನು ಕೂಗಿದಳು. “ಬರ್ರಿ ಮ್ಯಾಲ! ಹೆಸರ ಸಿಕ್ತು!”

ಜೈನುದ್ದೀನನ ಟೇಪು ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಬಸಂತರಾಯರದನ್ನು ಹಚ್ಚಿ, ಅವನದು ಮತ್ತೆ ಶುರುವಾಗುವಲ್ಲಿ ಬಿಟ್ಟುಕೊಟ್ಟಳು. ದಪ್ಪಿನ ಪೆಟ್ಟಿಗೆ ಪೆಟ್ಟು ಕೂಡಿತು. ಶೇಂಗಾದವನನ್ನು ಉಳಿಸಿದಳು, ಕೂಸಿನ ಅಳುವನ್ನು ಉಳಿಸಿದಳು. “ಭಲೇ” ಮಾತ್ರ ಹಾಡಿನ ಮೇಲೆ ಬೀಳುತ್ತದೆ, ತೆಗೆಯಲೇ ಎಂದು ಜೈನುದ್ದೀನನನ್ನು ಕೇಳಿದಳು. “ತಗೀ,” ಎಂದ ಅವನು. ಅವಳು ತೆಗೆಯಲಿಲ್ಲ. ಅದಿಲ್ಲದಿದ್ದರೆ ತಾನು ತಪ್ಪು ದನಿಯನ್ನೇ ಊರಿಗೆ ಹಂಚುತ್ತಿದ್ದೆ ಎಂಬುದು ಅವಳಿಗೆ ಗೊತ್ತಿತ್ತು.

ಲಚ್ಯಾಣಕ್ಕೆ ಹೊರಟಾಗ ತಿಪ್ಪವ್ವ, “ನಾನೂ ಬರ್ತೇನಿ” ಎಂದು ಹಟ ಹಿಡಿದಳು. ಮುತ್ತುವಿನ ಮೈಕ್ ಸೆಟ್ ಗಾಡಿಯಲ್ಲಿ, ಎರಡು ದೊಡ್ಡ ಹಾರ್ನುಗಳ ಜೊತೆ, ಮುಂದಿನ ಸೀಟಿನಲ್ಲಿ ಕೂತು ಬಂದಳು.

ಸಿದ್ದಲಿಂಗವ್ವ ದೊಡ್ಡಿಯಲ್ಲಿ ಕುರಿಮರಿಗೆ ಸೊಪ್ಪು ಹಾಕುತ್ತಿದ್ದಳು. ಸಣ್ಣ ಆಳು, ಮಾತು ಕಡಿಮೆ. ತಿಪ್ಪವ್ವನನ್ನು ಗುರುತಿಸಲು ಕ್ಷಣ ಹಿಡಿಯಿತು; ಗುರುತು ಹತ್ತಿದ ಮೇಲೆ ಕೈ ಬಿಡಲೇ ಇಲ್ಲ. ಸೊಸೆ ರೇಣುಕಾ ಚಹಾ ತಂದಳು. ರಾಜಶ್ರೀ ಏನನ್ನೂ ವಿವರಿಸದೆ ಸಣ್ಣ ಸ್ಪೀಕರಿನಲ್ಲಿ ಹಾಡು ಹಚ್ಚಿದಳು. ಸವಾಲು ಬಂತು. ತಿಪ್ಪವ್ವನ ದನಿ ಒಡೆಯಿತು. ಮೈಕಿನಲ್ಲಿ ಹೆಸರು ಬಂತು. ರೇಣುಕಾ ಕೈಯಲ್ಲಿದ್ದ ತಟ್ಟೆ ಹಾಗೇ ಹಿಡಿದು ನಿಂತಳು.

“ಯಾವ ಸಿದ್ದಲಿಂಗವ್ವರಿ?” ಎಂದಳು.

“ನಿನ್ನ ಮುಂದ ಕುಂತಾಳಲ್ಲ, ಈ ಸಿದ್ದಲಿಂಗವ್ವ,” ಎಂದಳು ತಿಪ್ಪವ್ವ. “ಈ ಮನ್ಯಾಗ ಇಷ್ಟ ವರ್ಷ ಬಾಯಿ ಮುಚ್ಕೊಂಡ ಕುಂತಾಳ.”

ಸಿದ್ದಲಿಂಗವ್ವ ತಲೆ ಬಗ್ಗಿಸಿ ಕೊನೆಯವರೆಗೂ ಕೇಳಿದಳು. ಬೆರಳು ಮೊಣಕಾಲ ಮೇಲೆ ತಾಳ ಹಾಕುತ್ತಿತ್ತು. ಹಾಡು ಮುಗಿದಾಗ ಅವಳು ಅಳುತ್ತಾಳೆಂದು ರಾಜಶ್ರೀ ಅಂದುಕೊಂಡಿದ್ದಳು.

“ಎರಡನೇ ನುಡಿಯಾಗ ದಪ್ಪು ತಾಳ ಬಿಟ್ಟ ಓಡೇತಿ,” ಎಂದಳು ಸಿದ್ದಲಿಂಗವ್ವ. “ನಾ ಹಿಡದ ನಿಲ್ಲಿಸೇನಿ. ಕೇಳಿತೇನು?”

“ಕೇಳಿತ್ರಿ,” ಎಂದಳು ರಾಜಶ್ರೀ. ನಿಜವಾಗಿಯೂ ಕೇಳಿತ್ತು. ಆ ಜಾಗದಲ್ಲಿ ಓಟವನ್ನು ಸರಿಪಡಿಸಲು ಹೋಗಿ ಕೈ ಹಿಂದೆಗೆದಿದ್ದಳು.

ಸಿದ್ದಲಿಂಗವ್ವ ಎದ್ದು ಒಳಗೆ ಹೋದಳು. ಹೊರಗೆ ಬಂದಾಗ ಮೈಮೇಲೆ ಕೆಂಪು ಸೆರಗಿನ ಇಲಕಲ್ ಸೀರೆ, ಹಣೆಯಲ್ಲಿ ಆಗತಾನೇ ಹಚ್ಚಿದ ಅರಿಶಿನದ ಭಂಡಾರ. ಕಟ್ಟೆಯ ಮೇಲೆ ನಡುಮಧ್ಯ ಕೂತು, ತಿಪ್ಪವ್ವನನ್ನು ಪಕ್ಕಕ್ಕೆ ಎಳೆದುಕೊಂಡಳು.

“ಗಾಡ್ಯಾಗ ಹಾರ್ನ್ ಅದಾವಲ್ಲ?” ಎಂದು ಮುತ್ತುವನ್ನು ಕೇಳಿದಳು. “ಕಟ್ಟು ಆ ಬೇವಿನ ಗಿಡಕ್ಕ. ಈಗ ಹಚ್ಚು. ಊರಿಗೆ ಕೇಳಲಿ.”

ಮುತ್ತು ಹಾರ್ನು ಕಟ್ಟಿದ. ರಾಜಶ್ರೀ ತಾನೇ ಮಿಕ್ಸರಿನ ಮುಂದೆ ಕೂತು ದನಿ ಏರಿಸಿದಳು. ಹಾಡು ಓಣಿ ದಾಟಿ ಹೊಲಗಳ ಮೇಲೆ ಹೋಯಿತು. ಮೊದಲು ನೆರೆಯ ಹೆಂಗಸರು ಬಂದರು, ಆಮೇಲೆ ಕಟ್ಟೆಯ ಮುದುಕರು, ಆಮೇಲೆ ಹೊಲದಿಂದ ಗಂಡಸರು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದರು. ಬಂದವರೆಲ್ಲ ಕೇಳುವುದು ಒಂದೇ ಮಾತು: ಯಾರ ದನಿ ಇದು?

“ನಮ್ಮ ಅತ್ತಿಯವ್ರದು,” ಎಂದು ರೇಣುಕಾ ಒಬ್ಬೊಬ್ಬರಿಗೂ ಹೇಳಿದಳು. ಮೊದಲು ಮೆಲ್ಲಗೆ, ಬರಬರುತ್ತ, ಹಾರ್ನಿಗಿಂತ ಜೋರಾಗಿ.