ಜಾತಕಗಳ ಕಾವಲು

ಬೇಲೂರಿನ ಕೋಟೆ ಬೀದಿಯಲ್ಲಿ ಕೋಮಲಮ್ಮನ ಮನೆ ಯಾವುದೆಂದು ಕೇಳಿದರೆ ಹೂ ಮಾರುವವಳು ಕೈ ತೋರಿಸಿ, ‘ಮಗನಿಗೋ, ಮಗಳಿಗೋ?’ ಎಂದು ವಿಚಾರಿಸುತ್ತಾಳೆ. ಹೊಸಬರು ಆ ಮನೆ ಹುಡುಕಿಕೊಂಡು ಬರುವುದು ಆ ಒಂದು ಕೆಲಸಕ್ಕೇ. ಅರಸೀಕೆರೆ, ಜಾವಗಲ್, ಹಳೇಬೀಡು, ಹಾಸನದ ಕಡೆಯ ಎಷ್ಟೋ ಮನೆಗಳ ಜಾತಕಗಳು ಅವರ ಬಳಿ ಇವೆ. ಕೂಡುವುದನ್ನು ಹುಡುಕಿ ಎರಡೂ ಕಡೆಯವರಿಗೆ ಹೇಳುತ್ತಾರೆ. ಅದಕ್ಕೆ ಕಾಸು ಮುಟ್ಟುವುದಿಲ್ಲ. ಮದುವೆ ಮುಗಿದ ಮೇಲೆ ಯಾರಾದರೂ ತಾಂಬೂಲ ತಂದರೆ ಮಾತ್ರ ಸೆರಗೊಡ್ಡಿ ತೆಗೆದುಕೊಳ್ಳುತ್ತಾರೆ.

ಇದು ಅವರ ಮಾವ ವೆಂಕಟರಾಮಯ್ಯನವರಿಂದ ಬಂದ ಕೆಲಸ. ಜಾವಗಲ್ಲಿನಲ್ಲಿ ಮೇಷ್ಟರಾಗಿದ್ದ ಅವರು ಉದ್ದನೆಯ ನೋಟ್‌ಬುಕ್ಕಿನಲ್ಲಿ ಜಾತಕಗಳನ್ನು ಬರೆದಿಡುತ್ತಿದ್ದರು. ಒಂದೊಂದರ ಕೆಳಗೂ ಸಣ್ಣ ಅಕ್ಷರದಲ್ಲಿ ಎರಡು ಸಾಲು. ಹುಡುಗ ಮುಂಗೋಪಿ, ತಾಯಿ ಬಲು ಒಳ್ಳೆಯವರು. ಹಿಂದೆ ಒಂದು ನಿಶ್ಚಿತಾರ್ಥ ಮುರಿದಿದೆ, ತಪ್ಪು ಹುಡುಗಿಯದಲ್ಲ. ಈ ಮಾತುಗಳನ್ನು ಮನೆಯವರೇ ಬಂದು, ಬಾಗಿಲು ಮುಂದಕ್ಕೆ ಮಾಡಿಕೊಂಡು ಹೇಳುತ್ತಿದ್ದರು. ಸಂಬಂಧ ಕೂಡಿ ಬಂದಾಗ ಎದುರಿನವರಿಗೆ ಯಾವುದನ್ನು, ಯಾವಾಗ, ಎಷ್ಟು ಹೇಳಬೇಕೆಂಬುದು ಮೇಷ್ಟರಿಗೆ ಬಿಟ್ಟದ್ದು. ಅವರು ತೀರಿಕೊಂಡ ಮೇಲೆ ಕೋಮಲಮ್ಮ ಎರಡು ಬೇಸಿಗೆ ಕೂತು ನೋಟ್‌ಬುಕ್ಕನ್ನೆಲ್ಲ ಕಂಪ್ಯೂಟರಿಗೆ ಹಾಕಿದರು. ಸಣ್ಣ ಅಕ್ಷರದ ಸಾಲುಗಳನ್ನೂ ಬಿಡಲಿಲ್ಲ. ಆಮೇಲೆ ಬಂದ ಜಾತಕಗಳ ಕೆಳಗೂ ತಾವೇ ಬರೆಯುತ್ತ ಹೋದರು.

ಕಂಪ್ಯೂಟರು ನಡುಮನೆಯ ಕಿಟಕಿಯ ಪಕ್ಕದಲ್ಲಿದೆ. ಅದಕ್ಕೆ ವೈರಸ್ ಬರದಂತೆ ಕಾಯುವ ಸಾಫ್ಟ್‌ವೇರನ್ನು ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟಿರುವ ಶಶಿಕಿರಣ್ ಹಾಕಿಕೊಟ್ಟಿದ್ದ. ಪುಕ್ಕಟೆಯದು. ದಿನಕ್ಕೊಮ್ಮೆಯಾದರೂ ಅದು ಪರದೆಯ ಮೇಲೆ ಬಂದು, ನಿಮಗೆ ಪೂರ್ತಿ ರಕ್ಷಣೆ ಇಲ್ಲ, ದುಡ್ಡು ಕೊಟ್ಟು ದೊಡ್ಡದನ್ನು ತೆಗೆದುಕೊಳ್ಳಿ ಎಂದು ಹೇಳಿ ಹೋಗುತ್ತಿತ್ತು. ಗಂಡ ಅಚ್ಯುತ ಹಳೇಬೀಡಿನ ಒಂದು ಶಾಲೆಯಲ್ಲಿ ಗುಮಾಸ್ತರು, ಎಲ್ಲಕ್ಕೂ ರಸೀದಿ ಇರಬೇಕೆನ್ನುವವರು. ದುಡ್ಡಿನದನ್ನೇ ಹಾಕಿಸಿಬಿಡೋಣ ಎಂದು ಎರಡು ಸಲ ಹೇಳಿದ್ದರು. ನಾನು ಪುಕ್ಕಟೆ ಮಾಡುವ ಕೆಲಸಕ್ಕೆ ಪುಕ್ಕಟೆ ಕಾವಲು ಸಾಕು ಎಂದು ಕೋಮಲಮ್ಮ ನಕ್ಕು ಸುಮ್ಮನಾಗಿಸಿದ್ದರು.

ತೊಂದರೆ ಇದ್ದದ್ದು ಕನ್ನಡ ಬರೆಯುವುದರಲ್ಲಿ. ಅವರು ಬಳಸುತ್ತಿದ್ದ ಕನ್ನಡದ ಸಾಫ್ಟ್‌ವೇರು ಹದಿನೈದು ವರ್ಷ ಹಳೆಯದು. ಒತ್ತಿದ ಒಂದೊಂದು ಕೀಲಿಯನ್ನೂ ಗಮನಿಸಿ ಅದನ್ನು ಕನ್ನಡ ಅಕ್ಷರವಾಗಿ ಬದಲಿಸುವುದು ಅದರ ಕೆಲಸ. ಕೀಲಿಗಳನ್ನು ಹೀಗೆ ಕದ್ದು ನೋಡುವುದು ಕಳ್ಳರ ಲಕ್ಷಣವೆಂದು ಕಾವಲಿನವನಿಗೆ ಗೊತ್ತು. ಹಾಗಾಗಿ ಕನ್ನಡ ತೆರೆದ ಕೂಡಲೇ ತಡೆಯುತ್ತಿದ್ದ. ಕೋಮಲಮ್ಮ ಒಂದು ಉಪಾಯ ಕಂಡುಕೊಂಡರು. ಬರೆಯಲು ಕೂತಾಗ ಕಾವಲು ನಿಲ್ಲಿಸುವುದು, ಮುಗಿದ ಮೇಲೆ ಮತ್ತೆ ಶುರು ಮಾಡುವುದು. ನಿಲ್ಲಿಸಿದಾಗ ಪರದೆಯ ಮೂಲೆಯಲ್ಲಿ ಗುರಾಣಿಯ ಚಿತ್ರ ಕೆಂಪಗಾಗುತ್ತಿತ್ತು. ಮೊದಮೊದಲು ಆ ಕೆಂಪು ಕಂಡರೆ ಬೇಗ ಬೇಗ ಬರೆದು ಮುಗಿಸಿ ಕಾವಲು ಶುರು ಮಾಡುತ್ತಿದ್ದರು. ಕುಕ್ಕರ್ ಕೂಗಿತೆಂದು ಎದ್ದು ಹೋದ ದಿನ ಮರೆತರು. ಇನ್ನೊಂದು ದಿನ, ನಾಳೆ ಹೇಗೂ ಬರೆಯಬೇಕಲ್ಲ ಎಂದು ಹಾಗೇ ಬಿಟ್ಟರು. ಆಮೇಲೆ ಕೆಂಪೇ ಅದರ ಬಣ್ಣವಾಯಿತು.

ಆಷಾಢದಲ್ಲಿ ಜಾತಕದ ಮಾತು ಯಾರೂ ಎತ್ತುವುದಿಲ್ಲ. ಅಂಥ ಒಂದು ಬೆಳಗ್ಗೆ ಅರಸೀಕೆರೆಯಿಂದ ಪ್ರಿಯಂವದಾ ಫೋನ್ ಮಾಡಿದರು. ಅವರ ಮಗಳು ಮೇಧಿನಿ ಕಾಲೇಜಿನಲ್ಲಿ ಪಾಠ ಹೇಳುವವಳು. ಆಕೆಯ ಜಾತಕ ಕೋಮಲಮ್ಮನ ಬಳಿ ಬಂದು ಮೂರು ವರ್ಷವಾಗಿತ್ತು. ಯಾವನೋ ಗೊತ್ತಿಲ್ಲದವನು ಮೇಧಿನಿಗೆ ಕರೆ ಮಾಡಿ ಗೋತ್ರ, ನಕ್ಷತ್ರ, ಪಾದ, ಹುಟ್ಟಿದ ಗಳಿಗೆ ಎಲ್ಲವನ್ನೂ ತಪ್ಪಿಲ್ಲದೆ ಹೇಳಿ, ಒಳ್ಳೆಯ ವರ ತೋರಿಸುತ್ತೇನೆ, ಮುಂಗಡ ಕಳಿಸಿ ಎಂದನಂತೆ. ಜಾತಕವನ್ನು ಬೇರೆ ಯಾರಿಗಾದರೂ ಕೊಟ್ಟಿರಾ ಎಂದು ಪ್ರಿಯಂವದಾ ಬಹಳ ಮೆತ್ತಗೆ ಕೇಳಿದರು.

‘ನಮ್ಮ ಮಾವನವರ ಆಣೆಗೂ ಇಲ್ಲ’ ಎಂದರು ಕೋಮಲಮ್ಮ.

ಫೋನ್ ಇಟ್ಟ ಮೇಲೆ ಕಣ್ಣು ಆ ಮೂಲೆಯ ಕೆಂಪಿನ ಮೇಲೆ ಬಿತ್ತು. ಎಷ್ಟೋ ತಿಂಗಳ ಮೇಲೆ ಅದನ್ನು ನೋಡಿದಂತಾಯಿತು. ಮೇಧಿನಿಯ ಜಾತಕದ ಕೆಳಗೆ ತಾವು ಏನು ಬರೆದಿದ್ದೇವೆಂದು ತೆರೆದು ನೋಡಬೇಕಾಗಿರಲಿಲ್ಲ. ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತು, ನಿಂತಿದೆ, ಮಾತು ಪಕ್ಕಾ ಆಗುವವರೆಗೆ ಯಾರಿಗೂ ಹೇಳಬಾರದು. ಪ್ರಿಯಂವದಾ ಇದೇ ನಡುಮನೆಯಲ್ಲಿ ಕೂತು, ಕೈ ಹಿಡಿದುಕೊಂಡು ಹೇಳಿದ ಮಾತು.

ಶಶಿಕಿರಣ್ ಮಧ್ಯಾಹ್ನ ಮನೆಗೇ ಬಂದ. ದುಡ್ಡಿನ ಕಾವಲನ್ನು ತಿಂಗಳ ಮಟ್ಟಿಗೆ ಪರೀಕ್ಷೆಗೆಂದು ಹಾಕಿ, ಇಡೀ ಕಂಪ್ಯೂಟರನ್ನು ಜಾಲಾಡಿಸಿದ. ಅದು ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ಕೋಮಲಮ್ಮ ಅವನಿಗೆ ಕಾಫಿ ಕೊಟ್ಟು, ತಾವು ಕುಡಿಯದೆ ಎದುರಿಗೆ ಕೂತಿದ್ದರು. ಕೊನೆಗೆ ಸಿಕ್ಕಿತು. ಮಾಘ ಮಾಸದಲ್ಲಿ ಇಮೇಲಿನಲ್ಲಿ ಬಂದ ಒಂದು ಫೈಲು, ‘ಕನ್ಯಾ ಜಾತಕ’ ಎಂದು ಹೆಸರು. ಕಳಿಸಿದ ವಿಳಾಸ ಯಾರದೂ ಅಲ್ಲ. ಒಳಗಿದ್ದದ್ದು ಜಾತಕವೂ ಅಲ್ಲ, ವೈರಸ್.

ಕೋಮಲಮ್ಮನಿಗೆ ಆ ದಿನ ನೆನಪಿತ್ತು. ಬಾಗಿಲಿಗೆ ಬಂದ ಜಾತಕವನ್ನು ತೆರೆಯದೆ ಬಿಡಬಾರದು, ಅದು ಯಾರದೋ ಮನೆಯ ಮಗು ಎನ್ನುವುದು ಮಾವನ ನೇಮ. ಅದು ಶುಕ್ರವಾರ. ಹನ್ನೆರಡು ಗಂಟೆಗೆ ರಾಹುಕಾಲ ಕಳೆಯಲಿ ಎಂದು ಕಾದಿದ್ದರು. ದೇವರಿಗೆ ಕೈಮುಗಿದು ತೆರೆದಿದ್ದರು. ಒಳಗೆ ಖಾಲಿ ಹಾಳೆ ಕಂಡು, ಪಾಪ ಕಳಿಸಲು ಬಾರದವರು, ಮತ್ತೆ ಕಳಿಸುತ್ತಾರೆ ಎಂದುಕೊಂಡಿದ್ದರು. ಹೊತ್ತು ನೋಡಿದ್ದರು, ಕಳಿಸಿದವರು ಯಾರೆಂದು ನೋಡಿರಲಿಲ್ಲ.

‘ಈ ದುಡ್ಡಿಂದು ಮೊದಲೇ ಇದ್ದಿದ್ರೆ ತಡೀತಿತ್ತಾ ಶಶಿ?’ ಎಂದು ಕೇಳಿದರು.

ಅವನು ಕುತ್ತಿಗೆ ಕೆರೆದುಕೊಂಡ. ‘ಪುಕ್ಕಟೆದೇ ತಡೀತಿತ್ತಮ್ಮ. ಇದು ಹೊಸಾದೇನಲ್ಲ, ಎಲ್ಲರಿಗೂ ಗೊತ್ತಿರೋ ಹಳೇ ಕಳ್ಳ. ದುಡ್ಡಿನವನು ಇನ್ನೂ ನಾಕು ಕಿಟಕಿ ಹೆಚ್ಚಿಗೆ ನೋಡ್ತಾನೆ, ಅಷ್ಟೇ. ಕಾವಲಿನವನನ್ನ ಊಟಕ್ಕೆ ಕಳಿಸಿ ನೀವು ಬಾಗಿಲು ತೆಗೆದಿದ್ದೀರ. ಯಾರಿದ್ರೂ ಏನು ಮಾಡ್ತಾರೆ?’

ಹಾಗಂದ ಮೇಲೆ ಮಾತು ಹೆಚ್ಚಾಯಿತೆಂದುಕೊಂಡು, ಊರಲ್ಲಿ ಅರ್ಧ ಜನ ಹೀಗೇ ಮಾಡುವುದು ಎಂದು ಸೇರಿಸಿದ. ಫೈಲುಗಳು ಹೊರಗೆ ಹೋಗಿವೆಯೇ ಎಂದರೆ ಹೋಗಿವೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು ಎಂದ. ದುಡ್ಡಿನ ಕಾವಲು ಕೂಡ ಹಳೆಯ ಕನ್ನಡ ತೆರೆದ ಕೂಡಲೇ ತಡೆಯಿತು. ಅದನ್ನೂ ತೋರಿಸಿದ. ಕಂಪ್ಯೂಟರಿನ ಜೊತೆಗೇ ಬರುವ ಕನ್ನಡದ ಕೀಲಿಮಣೆ ಇದೆ, ಅಕ್ಷರಗಳ ಜಾಗ ಬೇರೆ, ಕಲಿತರೆ ಕಾವಲಿನವನನ್ನು ಹೊರಗೆ ಕಳಿಸಬೇಕಾಗಿಲ್ಲ ಎಂದು ಹೇಳಿ, ಕಳ್ಳನನ್ನು ಅಳಿಸಿ ಹೋದ.

ಸಂಜೆ ಬಸ್ಸಿಳಿದು ಬಂದ ಅಚ್ಯುತ ಎಲ್ಲವನ್ನೂ ಕೇಳಿಸಿಕೊಂಡರು. ವರ್ಷದ ಹಣ ಕಟ್ಟಿ ದುಡ್ಡಿನದನ್ನು ಇಟ್ಟುಕೊಂಡು, ರಸೀದಿ ತೆಗೆದಿಡೋಣ ಎಂದರು. ನಾಳೆ ಯಾರಾದರೂ ಕೇಳಿದರೆ ತೋರಿಸಬಹುದು. ಯಾರೂ ಕೇಳದಿದ್ದರೆ ಸುಮ್ಮನಿರಬಹುದು. ಹೋಗಿದೆ ಎಂದು ಶಶಿಯೇ ಹೇಳಲಾರದಿರುವಾಗ ನಾವಾಗಿ ಡಂಗುರ ಸಾರುವುದೇಕೆ? ನೂರ ಅರವತ್ತು ಮನೆಗಳಿಗೆ ಹೇಳಿದರೆ ಇನ್ನು ಈ ಬಾಗಿಲಿಗೆ ಒಂದು ಜಾತಕ ಬರುವುದಿಲ್ಲ. ಅಪ್ಪ ನಲವತ್ತು ವರ್ಷ ಉಳಿಸಿಕೊಂಡು ಬಂದ ಹೆಸರು. ಅಚ್ಯುತ ಗದರಲಿಲ್ಲ. ಅವರ ದನಿಯಲ್ಲಿ ಬೇಡಿಕೆ ಇತ್ತು.

ಕೋಮಲಮ್ಮ ಬಹಳ ಹೊತ್ತು ಬತ್ತಿ ಹೊಸೆಯುತ್ತಿದ್ದರು.

‘ದುಡ್ಡಿಂದು ಬೇಡ ಕಣ್ರೀ. ಅದನ್ನ ಹಾಕಿಸಿಬಿಟ್ರೆ ನನಗೆ ಸಮಾಧಾನ ಆಗಿಬಿಡತ್ತೆ. ಅದಕ್ಕೇ ನನಗೆ ಭಯ.’

ಅಚ್ಯುತ ಎದ್ದು ಕೈಕಾಲು ತೊಳೆಯಲು ಹೋದರು.

ಮಾರನೆಯ ದಿನ ಕೋಮಲಮ್ಮ ಅರಸೀಕೆರೆಯ ಬಸ್ಸು ಹತ್ತಿದರು. ಹಳೇಬೀಡಿನ ಕೆರೆ ದಾಟಿತು. ಜಾವಗಲ್ಲಿನಲ್ಲಿ ಸಂತೆಯ ಮೂಟೆಗಳು ಹತ್ತಿದವು. ಆಮೇಲೆ ತೆಂಗಿನ ತೋಟಗಳು, ಗಾಳಿಗೆ ಗರಿಗಳೆಲ್ಲ ಒಂದೇ ಕಡೆಗೆ ಬಾಗಿ. ಹೇಳಬೇಕಾದ ಮಾತನ್ನು ಅವರು ಮೂರು ಬಗೆಯಲ್ಲಿ ಜೋಡಿಸಿದರು, ಮೂರೂ ಬಾಣಾವರ ಬರುವಷ್ಟರಲ್ಲಿ ಕಳಚಿಕೊಂಡವು.

ಪ್ರಿಯಂವದಾ ಬಾಗಿಲು ತೆಗೆದರು. ಮೇಧಿನಿಗೆ ಅಂದು ಪಾಠವಿರಲಿಲ್ಲ, ಮನೆಯಲ್ಲೇ ಇದ್ದಳು. ಕೋಮಲಮ್ಮ ನೀರು ಕೂಡ ಕುಡಿಯದೆ ಹೇಳಿದರು. ನಿನ್ನೆ ಹಾಕಿದ ಆಣೆ ಸುಳ್ಳಾಯಿತು, ಯಾರಿಗೂ ಕೊಡಲಿಲ್ಲ, ಆದರೆ ನನ್ನ ಕೈಯಿಂದಲೇ ಹೋಗಿದೆ. ಕಾವಲು ನಿಲ್ಲಿಸಿದ್ದು, ಖಾಲಿ ಹಾಳೆ, ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ಪ್ರಿಯಂವದಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

‘ಜಾತಕದ ಜೊತೆಗೆ ಇನ್ನೇನು ಬರೆದಿದ್ರಿ ಆಂಟಿ?’ ಎಂದು ಮೇಧಿನಿ ಕೇಳಿದಳು.

ಪ್ರಿಯಂವದಾ ತಲೆಯೆತ್ತಿ ಕೋಮಲಮ್ಮನನ್ನು ನೋಡಿದರು. ಬೇಡ ಎನ್ನುವ ನೋಟ. ಮಗಳಿಗೆ ತಿಳಿಯದಂತೆ ತಾಯಿ ಹೇಳಿ ಹೋಗಿದ್ದ ಮಾತು ಅದೆಂದು ಕೋಮಲಮ್ಮನಿಗೆ ಆಗ ಹೊಳೆಯಿತು. ಸುಮ್ಮನಿದ್ದುಬಿಡಬಹುದಿತ್ತು. ಹಾಗೆ ಮಾಡಿದರೆ ಹೊರಟು ಬಂದದ್ದೇ ವ್ಯರ್ಥವಾಗುತ್ತದೆ ಎನ್ನಿಸಿತು.

ಹೇಳಿದರು.

ಮೇಧಿನಿ ಕೂಗಾಡಲಿಲ್ಲ. ಮೇಜಿನ ಮೇಲಿದ್ದ ಉತ್ತರ ಪತ್ರಿಕೆಗಳನ್ನು ಸರಿಯಾಗಿ ಜೋಡಿಸಿ ಅಂಚು ಕೂಡಿಸಿದಳು. ‘ನಿಂತು ಹನ್ನೆರಡು ವರ್ಷ ಆಯ್ತು. ಯಾರಿಗೆ ಹೇಳಲಿ, ಹೇಗೆ ಹೇಳಲಿ ಅಂತ ಅಷ್ಟು ವರ್ಷದಿಂದ ಯೋಚಿಸ್ತಾ ಇದ್ದೀನಿ. ನೀವಿಬ್ರೂ ಹೇಳಿ ಮುಗಿಸಿದ್ದೀರಿ.’

ಆ ಸಾಲನ್ನು ನಿನ್ನೆಯೇ ಅಳಿಸಿದ್ದೇನೆ ಎಂದು ಕೋಮಲಮ್ಮ ಹೇಳಿದರು. ಅಳಿಸಿದರೆ ಈಗೇನು ಪ್ರಯೋಜನ ಎಂದು ಅವಳು ಕೇಳಲಿಲ್ಲ. ಇಂಥ ಸಾಲು ಇನ್ನೆಷ್ಟು ಮನೆಯದ್ದಿದೆ ಎಂದು ಕೇಳಿದಳು. ನೂರ ಅರವತ್ತರ ಮೇಲೆ ಎಂದರು. ಅವರಿಗೆಲ್ಲ ಗೊತ್ತಾ ಎಂದಳು. ಇಲ್ಲ, ಮೊದಲು ಇಲ್ಲಿಗೆ ಬಂದೆ ಎಂದರು.

‘ಅವರಿಗೂ ಫೋನ್ ಬರೋ ಮುಂಚೆ ಹೇಳಿ’ ಎಂದು ಮೇಧಿನಿ ಕೋಣೆಗೆ ಹೋದಳು. ಬಾಗಿಲನ್ನು ಸದ್ದಿಲ್ಲದೆ ಹಾಕಿಕೊಂಡಳು.

ಪ್ರಿಯಂವದಾ ಕುಂಕುಮದ ಬಟ್ಟಲು ತಂದು ಹಿಡಿದರು. ಮುತ್ತೈದೆಯನ್ನು ಬರಿದೇ ಕಳಿಸುವ ಮನೆಯಲ್ಲ ಅದು. ಆದರೆ ಮುಖ ನೋಡಲಿಲ್ಲ, ಹೋಗಿ ಬನ್ನಿ ಎನ್ನಲಿಲ್ಲ.

ಆ ವಾರ ಕೋಮಲಮ್ಮ ಹಳೆಯ ಕನ್ನಡವನ್ನೂ, ಪರೀಕ್ಷೆಗೆ ಹಾಕಿದ್ದ ದುಡ್ಡಿನ ಕಾವಲನ್ನೂ ಕಂಪ್ಯೂಟರಿನಿಂದ ತೆಗೆಸಿದರು. ಪುಕ್ಕಟೆಯ ಕಾವಲು ಉಳಿಯಿತು, ಅದನ್ನು ಮತ್ತೆ ನಿಲ್ಲಿಸಲಿಲ್ಲ. ಹೊಸ ಕೀಲಿಮಣೆಯಲ್ಲಿ ಒಂದು ಸಾಲಿಗೆ ಕಾಲು ಗಂಟೆ ಹಿಡಿಯುತ್ತಿತ್ತು. ಒತ್ತಕ್ಷರ ಸಿಗದೆ ಬೆರಳುಗಳು ಗಾಳಿಯಲ್ಲಿ ನಿಲ್ಲುತ್ತಿದ್ದವು. ಹೀಗೆ ತಡವರಿಸುತ್ತಲೇ ಎಲ್ಲ ಮನೆಗಳ ಪಟ್ಟಿ ಮಾಡಿ, ಹೆಸರಿನ ಮುಂದೆ ಫೋನ್ ನಂಬರು ಬರೆದರು. ಅಚ್ಯುತ ಆ ಪಟ್ಟಿಯನ್ನು ಶಾಲೆಯಲ್ಲಿ ಪ್ರಿಂಟ್ ತೆಗೆದು ತಂದುಕೊಟ್ಟರು. ಹಾಳೆಗಳನ್ನು ಸೇರಿಸಿ ಪಿನ್ ಹಾಕಿದ್ದರು.

ಮೊದಲ ಹೆಸರು ಹುಲಿಕೆರೆಯ ಹೇಮಲತಾ ಅವರದು. ಮಗನಿಗೆ ಮೂವತ್ತೈದು, ಎರಡು ವರ್ಷದಿಂದ ಏನೂ ಕೂಡಿ ಬಂದಿರಲಿಲ್ಲ. ಕೋಮಲಮ್ಮ ನಂಬರು ಒತ್ತಿ ಕಿವಿಗಿಟ್ಟುಕೊಂಡರು. ಗಂಡಸಿನ ದನಿ ಹಲೋ ಎಂದಿತು. ಹೆಸರು ಕೇಳಿದ್ದೇ ಆ ದನಿ ಮನೆಯೊಳಕ್ಕೆ ತಿರುಗಿತು.

‘ಹೇಮಾ, ಒಲೆ ಆರಿಸಿ ಬಾರೇ. ಬೇಲೂರಿನ ಕೋಮಲಮ್ಮ ಫೋನ್ ಮಾಡಿದ್ದಾರೆ.’

ಪಾತ್ರೆ ಇಟ್ಟ ಸದ್ದು, ಓಡಿ ಬಂದ ಹೆಜ್ಜೆಯ ಸದ್ದು. ತಮ್ಮ ಕರೆಗೆ ಈ ಎಲ್ಲ ಮನೆಗಳಲ್ಲಿ ಒಂದೇ ಅರ್ಥ ಇರುತ್ತದೆಂದು ಪಟ್ಟಿ ಮಾಡುವಾಗ ಕೋಮಲಮ್ಮನಿಗೆ ತೋಚಿರಲಿಲ್ಲ.

‘ಹೇಳಿ ಕೋಮಲಮ್ಮ’ ಎಂದರು ಹೇಮಲತಾ. ಏದುಸಿರಿತ್ತು, ನಗು ಇತ್ತು. ‘ಯಾವ ಊರಿನ ಹುಡುಗಿ?’

ಕೋಮಲಮ್ಮ ಕಣ್ಣು ಮುಚ್ಚಿಕೊಂಡರು.

‘ಕೂತ್ಕೊಳ್ಳಿ ಹೇಮಲತಾ. ಹುಡುಗಿ ವಿಷಯ ಅಲ್ಲ. ನನ್ನಿಂದ ಒಂದು ತಪ್ಪಾಗಿದೆ.’