ಸುಟ್ಟ ನಿಂಬೆ ತೋಟದ ತಪಾಸಣೆ

ನಿಂಬೆಯ ಕಜ್ಜಿ ರೋಗ ತಡೆಯುವ ಯೋಜನೆಯ ತಪಾಸಣೆಗೆಂದು ವಿರೂಪಾಕ್ಷಿಪುರದ ಕಡೆ ಹೋಗಿದ್ದೆ. ಶಿವಣ್ಣನವರ ತೋಟದಲ್ಲಿ ಒಂದೂ ಗಿಡವಿರಲಿಲ್ಲ. ನಮ್ಮ ತೋಟಗಾರಿಕೆ ಇಲಾಖೆ ಹೇಳಿದಂತೆ ರೋಗದ ಗಿಡಗಳನ್ನೆಲ್ಲ ಕಿತ್ತು ಸುಟ್ಟು, ಬದಲಿಗೆ ಕೊಡುವ ಸಸಿಗಳಿಗೆ ಗುಂಡಿ ತೋಡಿಸಿ ಕಾಯುತ್ತಿದ್ದರು.

"ರೋಗದ ಗಿಡ ಕಣ್ಣಾರೆ ನೋಡದೆ ಸಸಿ ಮಂಜೂರು ಮಾಡುವ ಹಾಗಿಲ್ಲ," ಎಂದೆ.

"ಸುಡು ಅಂದೋರೂ ನೀವೇ, ತೋರ್ಸು ಅನ್ನೋರೂ ನೀವೇ. ಬೂದಿ ಐತೆ, ನೋಡ್ತೀರಾ ಸಾ?"

ಪಕ್ಕದ ತೋಟದವನು ಬೇಲಿಯಾಚೆಯಿಂದ ನಕ್ಕ. "ಆವತ್ತೇ ಬಡ್ಕೊಂಡೆ ಕಣಣ್ಣೋ, ಸಾಹೇಬ್ರು ಬರೋಗಂಟ ಕೀಳ್ಬ್ಯಾಡ ಅಂತ."

ಅವನ ಗಿಡಗಳು ಕಜ್ಜಿ ಹಿಡಿದು ಹಾಗೇ ನಿಂತಿದ್ದವು. ನಿಯಮದಂತೆ ಅವನಿಗೆ ಸಸಿ ಬರೆದೆ. ಶಿವಣ್ಣನವರ ಹೆಸರಿನ ಮುಂದೆ 'ರೋಗ ಕಂಡುಬಂದಿಲ್ಲ' ಎಂದು ಬರೆದೆ. ಬೇರೇನನ್ನೂ ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ.

ಆ ವರ್ಷದ ವರದಿಯಲ್ಲಿ ಅವರ ಖಾಲಿ ಹೊಲ ರೋಗಮುಕ್ತ ತೋಟಗಳ ಪಟ್ಟಿಗೆ ಸೇರಿತು.